ಕೋಕ್-ಜಾರ್ ತಡೆಗೋಡೆ ಮತ್ತು ನನ್ನ ಒಂದು ವಾಕ್ಯ

ಹಣಕಾಸು ಮಂತ್ರಿಗಳೇ,

ಕೋಕ್-ಜಾರ್ ಹಳ್ಳಿಯ ಪ್ರವಾಹ ತಡೆಗೋಡೆಯನ್ನು ನೀವು ಬಜೆಟ್ಟಿನಿಂದ ಕಿತ್ತುಹಾಕಿದ್ದೀರಿ. ಕಾರಣವಾಗಿ ನನ್ನ ವರದಿಯನ್ನೇ ತೋರಿಸಿದ್ದೀರಿ. ಹಾಗಾಗಿ ಈ ಜಗಳ ನನ್ನದು.

ಹವಾಮಾನ ಬದಲಾವಣೆಗೆ ಕಿರ್ಗಿಸ್ತಾನದ ಬಜೆಟ್ ಹೇಗೆ ಸಜ್ಜಾಗಬೇಕೆಂದು ಬರೆದುಕೊಡಲು ನಿಮ್ಮ ಕಚೇರಿ ನೇಮಿಸಿದ ಅರ್ಥಶಾಸ್ತ್ರಜ್ಞೆ ನಾನು. ಕೋಕ್-ಜಾರ್‌ನಲ್ಲಿ ಪ್ರತಿ ವಸಂತದಲ್ಲೂ ಅಶರ್ ನಡೆಯುತ್ತದೆ. ಮನೆಗೊಬ್ಬರು ಬಂದು, ಕೂಲಿಯಿಲ್ಲದೆ, ಹೊಳೆದಂಡೆಗೆ ಕಲ್ಲು ಪೇರಿಸುತ್ತಾರೆ. ವರದಿಗೆಂದು ಹೋದಾಗ ಅದನ್ನು ನೋಡಿ ಉಬ್ಬಿಹೋದೆ. ಅಶರ್ ಎಂದರೆ ನಮಗೆ ಹೆಮ್ಮೆ. ಆ ಹೆಮ್ಮೆಯಲ್ಲಿ ಯಾರು ಕಲ್ಲು ಹೊರುತ್ತಿದ್ದಾರೆಂದು ಎಣಿಸಲಿಲ್ಲ. "ಇಲ್ಲಿನ ಸಮುದಾಯಕ್ಕೆ ಹೊಂದಿಕೊಳ್ಳುವ ಸಾಮರ್ಥ್ಯ ಹೆಚ್ಚು" ಎಂದು ಬರೆದುಬಿಟ್ಟೆ.

ನಿಮ್ಮ ಅಧಿಕಾರಿ ಆ ವಾಕ್ಯದಡಿ ಗೆರೆ ಎಳೆದು ನಕ್ಕರು. "ಜನ ಹೇಗೂ ಕಟ್ಕೊಳ್ತಾರಲ್ಲಮ್ಮ, ನಾವ್ಯಾಕೆ ಕಟ್ಬೇಕು? ಬಜೆಟ್ ಕೊರತೆ ಮಿತಿಯೊಳಗಿರ್ಲಿ."

ಏನು ಮಿತಿ ಸ್ವಾಮಿ ಅದು? ಗೋಡೆ ಕಟ್ಟಿದರೆ ಖರ್ಚು, ಕೊರತೆ ಹೆಚ್ಚುತ್ತದೆ. ಮನೆ ಕೊಚ್ಚಿಹೋದರೆ ನಿಮ್ಮ ಕೊರತೆಯ ಲೆಕ್ಕ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಅದೇ ಮನೆಯನ್ನು ಮತ್ತೆ ಕಟ್ಟಿಕೊಂಡರೆ, ಆ ಖರ್ಚನ್ನೂ ಜಿಡಿಪಿಗೆ ಸೇರಿಸಿ ದೇಶ ಬೆಳೆಯಿತೆಂದು ನೀವು ಭಾಷಣ ಮಾಡಬಹುದು. ಇದು ಅರ್ಥಶಾಸ್ತ್ರವೋ, ಕಣ್ಕಟ್ಟೋ?

ಕಳೆದ ವಾರ ಮತ್ತೆ ಹೋಗಿದ್ದೆ. ದುಡಿಯುವ ವಯಸ್ಸಿನ ಗಂಡಸರೆಲ್ಲ ರಷ್ಯಾದ ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಿದ್ದಾರೆ. ಅಶರ್‌ಗೆ ಬಂದವರು ಹದಿನಾಲ್ಕು ಹೆಂಗಸರು, ಮೂವರು ಮುದುಕರು. ಮೇಲೆ ಬೆಟ್ಟದಲ್ಲಿ ಹಿಮನದಿ ಕರಗಿ ನಿಂತ ಕೆರೆ ಹೋದ ವರ್ಷದ ಎರಡರಷ್ಟಾಗಿದೆ. ಅದು ಒಡೆದರೆ ಕೆಸರು, ಬಂಡೆ ಎಲ್ಲ ಬಂದು ಬೀಳುವುದು ದಂಡೆಯ ಇಪ್ಪತ್ತಾರು ಮನೆಗಳ ಮೇಲೆ. ಮೊದಲನೆಯದು ಬುರುಲ್ಚಾ ಅಕ್ಕನದು. ಆಕೆ ಕಲ್ಲು ಇಳಿಸಿ ನನ್ನತ್ತ ತಿರುಗಿದಳು.

"ನಮಗೆ ಶಕ್ತಿ ಜಾಸ್ತಿ ಅಂತ ಬರೆದೋಳು ನೀನೇ ಅಲ್ವೇನೇ?"

"ಹೌದಕ್ಕ."

"ಹಾಗಾದ್ರೆ ಆ ಕಡೆ ಹಿಡಿ. ನಿನ್ನ ಪೆನ್ನಿಗಿಂತ ಸ್ವಲ್ಪ ಭಾರ."

ಹಿಡಿದೆ. ಇಪ್ಪತ್ತು ಹೆಜ್ಜೆಗೆ ಕೈಬಿಟ್ಟೆ. ಹೆಂಗಸರು ನಕ್ಕರು, ಚಹಾ ರೊಟ್ಟಿ ಕೊಟ್ಟರು. "ಬಿಡ್ರೇ, ನಿಧಾನಕ್ಕೆ ಹೊಂದ್ಕೊಳ್ತಾಳೆ," ಎಂದಳು ಬುರುಲ್ಚಾ.

ಆ ವಾಕ್ಯವನ್ನು ಈ ಬಹಿರಂಗ ಪತ್ರದಲ್ಲಿ, ಎಲ್ಲರೆದುರು, ಹಿಂದಕ್ಕೆ ಪಡೆಯುತ್ತಿದ್ದೇನೆ. ಅದು ಸಾಮರ್ಥ್ಯವಲ್ಲ, ಬೇರೆ ಗತಿಯಿಲ್ಲದವರ ದುಡಿಮೆ. ಹಿಮ ಕರಗಲು ಆರು ವಾರವಿದೆ. ಈ ತಿಂಗಳು ಬಜೆಟ್ ಪರಿಷ್ಕರಿಸುವಾಗ ಗೋಡೆಯನ್ನು ಸೇರಿಸಿ, ಯಂತ್ರಗಳನ್ನು ಕಳಿಸಿ. ಆಗದೆಂದರೆ ಆ ಇಪ್ಪತ್ತಾರು ಬಾಗಿಲುಗಳನ್ನು ನೀವೇ ತಟ್ಟಿ, ಬುರುಲ್ಚಾಳ ಮುಖ ನೋಡಿ ಹೇಳಿ: ನಿಮ್ಮ ಪ್ರಾಣಕ್ಕಿಂತ ನಮ್ಮ ಮಿತಿ ದೊಡ್ಡದು ಎಂದು. ನನ್ನ ಬೆನ್ನ ಹಿಂದೆ ಅವಿತು ಹೇಳಬೇಡಿ.

ಇಂತಿ,
ಎಪ್ಪತ್ತು ಪುಟದ ವರದಿ ಬರೆದೂ ಒಂದು ಕಲ್ಲು ಹೊರಲಾಗದ
ಆಯ್ಗಾನಿಶ್