ಅಪ್ಪ ಕೂರುವ ನಡುಹಲಗೆ

ಮಾರ್ಚ್ ೪, ಮಂಗಳವಾರ

ಬಲೆ ಒಣಹಾಕಿ ಬಂದೆ. ಇವತ್ತೂ ಸಣ್ಣ ಮೀನೇ. ಅಮ್ಮ ಬುಟ್ಟಿ ಹೊತ್ತು ಮಾರ್ಕೆಟ್ಟಿಗೆ ಹೋಗಿದ್ದಾಳೆ. ಅಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತು ಬಲಗೈ ತಿಕ್ಕಿಕೊಳ್ಳುತ್ತಿದ್ದ. ನನ್ನನ್ನು ಕಂಡಕೂಡಲೇ ನಿಲ್ಲಿಸಿದ.

ಬೆಳಿಗ್ಗೆ ನಡೆದದ್ದನ್ನು ಅಮ್ಮನಿಗೆ ಹೇಳಿಲ್ಲ. ಇಲ್ಲಾದರೂ ಬರೆಯುತ್ತೇನೆ. ಹೊಟ್ಟೆಯಲ್ಲಿ ಇಟ್ಟುಕೊಂಡರೆ ಊಟ ಸೇರುವುದಿಲ್ಲ.

ಪಂಪ್‌ಹೌಸ್ ದಾಟಿ ಅಡ್ಡಗಟ್ಟೆಯ ಕಡೆ ಇಳಿಯುತ್ತಿದ್ದೆವು. ಅಲ್ಲಿ ನೀರು ಮೇಲೆ ಸುಮ್ಮನೆ ಮಲಗಿದ ಹಾಗೆ ಕಾಣುತ್ತದೆ, ಒಳಗೊಳಗೇ ಎಳೆಯುತ್ತದೆ. ಕಟ್ಟೆಯಾಚೆ ಬರೀ ಬಂಡೆ. ಯಾವಾಗಿನಂತೆ ಅಪ್ಪ ನಡುಹಲಗೆಯ ಮೇಲೆ, ಹೋಗುವ ದಿಕ್ಕಿಗೆ ಬೆನ್ನು ಹಾಕಿ. ನಾನು ಹಿಂದೆ, ಅವನಿಗೆ ಎದುರಾಗಿ, ಬಲೆಯ ಪಕ್ಕ. ಮುಂದಿರುವುದನ್ನು ನಾನು ನೋಡಿ ಹೇಳುವುದು, ಅವನು ಹುಟ್ಟು ಹಾಕುವುದು. ಚಿಕ್ಕಂದಿನಿಂದ ಹೀಗೇ.

ತಟ್ಟನೆ ಬಲಗಡೆಯ ಹುಟ್ಟು ಕೈಬಿಟ್ಟಿತು. ಬೆರಳು ಹಿಡಿದ ಹಾಗೇ ಮಡಚಿಕೊಂಡಿದ್ದವು, ಆದರೆ ಹಿಡಿತವಿಲ್ಲ. ದೋಣಿ ಅಡ್ಡ ತಿರುಗಿತು. ಅಪ್ಪ ಎಡಗೈಯಿಂದ ಬಲಗೈಯನ್ನು ಎತ್ತಿ ಹುಟ್ಟಿನ ಮೇಲೆ ಇಟ್ಟುಕೊಂಡ... ಬೇರೆ ಯಾರದೋ ಕೈ ಎತ್ತಿಟ್ಟ ಹಾಗೆ.

"ಬೆವರಿಗೆ ಜಾರ್ತು," ಅಂದ.

ಚಳಿಯಿತ್ತು. ಬೆವರು ಎಲ್ಲಿಂದ ಬರಬೇಕು.

ಮಾರ್ಚ್ ೬, ಗುರುವಾರ

ನಾನು ಮುಚ್ಚಿಟ್ಟದ್ದು ದಂಡ. ಅಮ್ಮನಿಗೆ ಎಲ್ಲ ಗೊತ್ತು. ಅಪ್ಪನ ಕೈಯಿಂದ ಲೋಟ ಬೀಳುವುದನ್ನು ನೋಡಿಯೇ ತಿಳಿದುಕೊಂಡಿದ್ದಾಳೆ. ಚಿಕ್ಕಪ್ಪನನ್ನು ಕರೆಸಿದ್ದೂ ಅವಳೇ. ಚಿಕ್ಕಪ್ಪ ಮೇಲಿನ ಕಡವಿನಲ್ಲಿ ಜನ ದಾಟಿಸುವ ಲಾಂಚು ಓಡಿಸುತ್ತಾನೆ. ದೋಣಿಗೆ ಮೋಟಾರು ಹಾಕಿಸಿ ಎಂದ. ಪೆಟ್ರೋಲ್ ಎಂಜಿನ್ನು ನಮ್ಮ ಕಡೆ ಬಿಡುವುದಿಲ್ಲ, ಪಂಪ್‌ಹೌಸಿನಿಂದ ಕುಡಿಯುವ ನೀರು ಹೋಗುತ್ತದೆ. ಬ್ಯಾಟರಿಯದು ಇದೆಯಂತೆ. ಟ್ರೋಲಿಂಗ್ ಮೋಟಾರು. ಒಂದು ಕಡ್ಡಿ, ಕೆಳಗೆ ಫ್ಯಾನು, ಮೇಲೆ ಹಿಡಿ. ದೋಣಿಯ ಹಿಂದಿನ ಹಲಗೆಗೆ ಬಿಗಿದರೆ ಆಯಿತು.

"ಈ ವಯಸ್ಸಲ್ಲಿ ಮಿಕ್ಸಿ ಕಟ್ಕೊಂಡು ಮೀನಿಗೆ ಹೋಗ್ಲಾ?" ಅಂದ ಅಪ್ಪ.

ಅಮ್ಮ ಮೀನು ಹೆರೆಯುತ್ತಲೇ ಇದ್ದಳು. "ಮಿಕ್ಸಿನಾದ್ರೂ ಕಟ್ಕೊಳ್ಳಿ, ಗ್ರೈಂಡರ್ ಆದ್ರೂ ಕಟ್ಕೊಳ್ಳಿ. ನಂಗೆ ಗಂಡ ಮನೆಗೆ ಬರ್ಬೇಕು."

ಅಲ್ಲಿಗೆ ತೀರ್ಮಾನವಾಯಿತು.

ಆರಿಸುವ ಕೆಲಸ ನನ್ನ ತಲೆಗೆ ಬಂತು. ಮನೆಯಲ್ಲಿ ಐದನೇ ಕ್ಲಾಸು ಮುಗಿಸಿದವಳು ನಾನೊಬ್ಬಳೇ. ಅಂಗಡಿಗೆ ಹೋಗಬೇಕು. ಮಾತಾಡಬೇಕು.

ಮಾರ್ಚ್ ೭, ಶುಕ್ರವಾರ

ಹೋಗಿಬಂದೆ. ಚಿಕ್ಕಪ್ಪ ಜೊತೆಗಿದ್ದ, ಸದ್ಯ. ಅಂಗಡಿಯ ತುಂಬ ನೀರೆತ್ತುವ ಪಂಪು, ರಬ್ಬರಿನ ವಾಸನೆ. ಅಂಗಡಿಯವರಿಗೆ ಕನ್ನಡಕ ಹಣೆಯ ಮೇಲೆ. ಒಳ್ಳೆಯವರು. ನನಗೇ ಬಾಯಿ ಬರಲಿಲ್ಲ.

ಅವರು ಹೇಳಿದ್ದು: ಎಳೆತ ಇರುವ ನೀರಿಗೆ ಕಡಿಮೆ ಶಕ್ತಿಯದು ಬೇಡ. ಕಾರಿನ ಬ್ಯಾಟರಿ ಬೇಡವೇ ಬೇಡ. ಅದು ಒಂದೇ ಸಲ ಗುದ್ದಿ ಸುಮ್ಮನಾಗುವ ಜಾತಿ. ನಿಧಾನಕ್ಕೆ, ಬಹಳ ಹೊತ್ತು ಕೊಡುವ ಬ್ಯಾಟರಿಯೇ ಬೇಕು. ಇಷ್ಟಕ್ಕೆ ಯೋಚನೆ ಇಲ್ಲ. ಯೋಚನೆ ಇರುವುದು ಕಡ್ಡಿಯದು. ಗಿಡ್ಡ, ಉದ್ದ ಎರಡಿದೆ. ಉದ್ದದ್ದು ಆಳವಿಲ್ಲದ ನೀರಿನಲ್ಲಿ ಕಲ್ಲಿಗೆ ಬಡಿಯುತ್ತದೆ. ಗಿಡ್ಡದ್ದು ಫ್ಯಾನನ್ನು ನೀರಿಗೆ ಮುಟ್ಟಿಸದಿದ್ದರೆ ಇದ್ದೂ ಇಲ್ಲದ ಹಾಗೆ. ದೋಣಿಯನ್ನು ನೀರಿನಲ್ಲಿ ನಿಲ್ಲಿಸಿ, ಭಾರ ಎಲ್ಲ ಹಾಕಿ, ಹಿಂದಿನ ಹಲಗೆಯ ಮೇಲಂಚಿನಿಂದ ನೀರಿನವರೆಗೆ ಅಳೆದು ಬನ್ನಿ ಅಂದರು. ಫ್ಯಾನಿಗೆ ಗೀರು ಬೀಳದಿದ್ದರೆ ಬದಲಾಯಿಸಿಯೂ ಕೊಡುತ್ತಾರಂತೆ.

ಇನ್ನೇನೋ ಕೇಳಬೇಕಿತ್ತು. ನಾಲಿಗೆಯ ತುದಿವರೆಗೆ ಬಂತು. ಏನೆಂದು ನನಗೇ ಗೊತ್ತಾಗಲಿಲ್ಲ. ಅಷ್ಟರಲ್ಲಿ ಬೇರೆ ಗಿರಾಕಿ ಬಂದರು.

ಮಾರ್ಚ್ ೯, ಭಾನುವಾರ

ಅಳೆದೆವು. ಬ್ಯಾಟರಿಯ ಭಾರಕ್ಕೆ ಹಿಂದೆ ಒಂದು ಮರಳಿನ ಮೂಟೆ. ಬಲೆಯನ್ನೂ ಒದ್ದೆ ಮಾಡಿಯೇ ಹಾಕಿದೆ, ಒಣಬಲೆಯ ತೂಕ ಬೇರೆ ಎಂದು. ಅಪ್ಪ ನಡುಹಲಗೆಯಲ್ಲಿ, ನಾನು ನನ್ನ ಜಾಗದಲ್ಲಿ. ಚಿಕ್ಕಪ್ಪ ಸೊಂಟದವರೆಗೆ ನೀರಿಗಿಳಿದು ಟೇಪು ಹಿಡಿದ. ನಾನು ಎರಡೆರಡು ಸಲ ಅಳೆಸಿದೆ. "ಹುಡುಗಿಗೆ ಬಟ್ಟೆ ಹೊಲೀತಾ ಇದ್ದೀವೇನೋ ಅನ್ನೋ ಹಾಗಾಯ್ತು," ಅಂತ ಅವನ ತಮಾಷೆ.

ಗಿಡ್ಡದ್ದು ಸಾಕು. ಅಪ್ಪನಿಗೂ ಖುಷಿ. ನಮ್ಮ ದಡದ ಹತ್ತಿರ ನೀರು ಕಡಿಮೆ, ತಳದಲ್ಲಿ ಬರೀ ನೊರಜುಗಲ್ಲು, ಉದ್ದದ್ದು ಬಡಿಯುತ್ತಿತ್ತು.

ಎಲ್ಲ ಸರಿಯಿದೆ. ಆದರೂ ಮನಸ್ಸಿನಲ್ಲಿ ಒಂದು ಮುಳ್ಳು.

ಮಾರ್ಚ್ ೧೦, ಸೋಮವಾರ

ಮೋಟಾರು ಬಂತು. ನೀರಿನ ಡ್ರಮ್ಮಿನಲ್ಲಿ ಇಳಿಸಿ ತಿರುಗಿಸಿದೆವು. ಸದ್ದೇ ಇಲ್ಲ, ನೀರು ಮಾತ್ರ ಸುಳಿಸುಳಿ. ಅಪ್ಪ ಬಹಳ ಹೊತ್ತು ಡ್ರಮ್ಮಿನ ಹತ್ತಿರವೇ ನಿಂತಿದ್ದ. ಬ್ಯಾಟರಿ ಮೂಲೆಯಲ್ಲಿ ಚಾರ್ಜಿಗೆ ಇದೆ. ಕೆಂಪು ದೀಪ ಹಸಿರಾಗಬೇಕು. ಮತ್ತೆಮತ್ತೆ ಹೋಗಿ ನೋಡುತ್ತೇನೆ.

"ಅದೇನು ಒಲೆ ಮೇಲಿನ ಹಾಲಾ?" ಎಂದಳು ಅಮ್ಮ.

ಮಾರ್ಚ್ ೧೧, ಮಂಗಳವಾರ

ಬರೆಯಲು ಆಗುವುದಿಲ್ಲ. ಇಬ್ಬರೂ ಮನೆಗೆ ಬಂದೆವು. ಅಷ್ಟು ಸಾಕು.

ಮಾರ್ಚ್ ೧೪, ಶುಕ್ರವಾರ, ಮಧ್ಯಾಹ್ನ

ಬಲೆ ಹಾಕಿಲ್ಲ. ದೋಣಿಯನ್ನು ದಡದಲ್ಲಿ ಬೋರಲು ಹಾಕಿದ್ದಾರೆ. ಅಪ್ಪ ಮಾತಾಡುವುದಿಲ್ಲ. ಮಂಗಳವಾರದ್ದನ್ನು ಈಗ ಬರೆಯುತ್ತೇನೆ.

ಫ್ಯಾನಿಗೆ ಸಿಕ್ಕಿಕೊಳ್ಳುತ್ತದೆಂದು ಬಲೆಯನ್ನು ಮುಂದಕ್ಕೆ ಹಾಕಿದೆವು. ಬಲೆಯ ಜೊತೆ ನಾನೂ ಮುಂದೆ. ಹಿಡಿ ಇರುವುದು ಹಿಂದೆ, ಹಾಗಾಗಿ ಅಪ್ಪ ಹಿಂದೆ. ಅವನ ಕಾಲ ಬಳಿ ಬ್ಯಾಟರಿ. ದೋಣಿ ಕೂತ ನಾಯಿಯ ಹಾಗೆ ಮೂತಿ ಎತ್ತಿತು. ಅಪ್ಪನಿಗೆ ನನ್ನ ಬೆನ್ನು ಬಿಟ್ಟರೆ ಏನೂ ಕಾಣದು. ನೆಟ್ಟಗೆ ಹೋಯಿತು, ಅದು ನಿಜ. ಪಂಪ್‌ಹೌಸ್ ದಾಟಿದ ಮೇಲೆ ಒಂದು ಅಲೆ ಹಿಂದಿನ ಹಲಗೆ ಹಾರಿ ಒಳಗೆ ಬಂತು. ಬ್ಯಾಟರಿಗೆ ನೀರು ಎಂದು ನಾನು ಕೂಗಿದೆ. ಅಪ್ಪ ಎದ್ದ. ದೋಣಿ ಅಲುಗಿದರೆ ಅಪ್ಪನ ಕಾಲು ತಾವೇ ನಡುಹಲಗೆಗೆ ಹೋಗುತ್ತವೆ. ಹೋದವು.

ಹಿಂಭಾಗ ಮೇಲೆದ್ದಿತು. ಫ್ಯಾನು ನೀರು ಬಿಟ್ಟು ಕಿರುಚಿತು. ಬರೀ ನೊರೆ, ನೂಕು ಇಲ್ಲ. ದೋಣಿ ಅಡ್ಡಲಾಗಿ ಕಟ್ಟೆಯ ಕಡೆ ಜಾರಿತು.

ಹುಟ್ಟು ತೆಗೆದಿಡಬೇಡಿ ಎಂದಿದ್ದವಳು ಅಮ್ಮ. ಅವಳ ಹೊಟ್ಟೆ ತಣ್ಣಗಿರಲಿ. ನಾನು ಹಲಗೆ ದಾಟಿ ಅಪ್ಪನ ಪಕ್ಕ ಕೂತು ಬಲಗಡೆಯದನ್ನು ಹಿಡಿದೆ, ಅವನು ಎಡಗಡೆಯದನ್ನು. ಭುಜಕ್ಕೆ ಭುಜ. ಆ ಹಲಗೆಯ ಮೇಲೆ ನಾನು ಕೂತದ್ದು ಅದೇ ಮೊದಲು. ಪಂಪ್‌ಹೌಸಿನ ಗೋಡೆಯಲ್ಲಿ ಇಳಿದ ಮರದ ಬೇರು ಕೈಗೆ ಸಿಗುವವರೆಗೆ ಇಬ್ಬರೂ ಹುಟ್ಟು ಬಿಡಲಿಲ್ಲ.

ತಪ್ಪು ಎಲ್ಲಿ ಎಂದು ಈಗ ಹೊಳೆಯುತ್ತಿದೆ. ಭಾರ ಎಲ್ಲ ಹಾಕಿದ್ದೆವು, ಮರಳು, ಒದ್ದೆ ಬಲೆ, ಎಲ್ಲ. ಆದರೆ ಹುಟ್ಟು ಹಾಕುವವರು ಕೂರುವ ಹಾಗೆ ಕೂತು ಅಳೆದೆವು. ಆಗ ನಾನೂ ಬಲೆಯೂ ಹಿಂದೆ, ಹೋಗುವಾಗ ಮುಂದೆ. ಮೋಟಾರು ದೋಣಿಯಲ್ಲಿ ನಡುವೆ ಯಾರೂ ಕೂರುವುದಿಲ್ಲ. ಅದು ನಮಗೆ ಯಾರಿಗೂ ತೋಚಲಿಲ್ಲ. ಹೇಗೆ ತೋಚೀತು, ಅಪ್ಪ ಇಲ್ಲದ ನಡುಹಲಗೆಯನ್ನು ಯಾರು ಕಂಡಿದ್ದಾರೆ.

ಮೋಟಾರು ವಾಪಸ್ ಕೊಟ್ಟುಬಿಡು ಎಂದ ಅಪ್ಪ. ಈಗಷ್ಟೇ. ಮೂರು ದಿನಕ್ಕೆ ಮೊದಲ ಮಾತು. ನೀನು ಹಿಂದೆಯೇ ಕೂತಿದ್ದರೆ ಏನೂ ಆಗುತ್ತಿರಲಿಲ್ಲ, ಅಭ್ಯಾಸ ಆಗುತ್ತದೆ ಎಂದೆ. ಅವನು ಕೈ ನೋಡಿಕೊಂಡ.

"ಹಿಂದೆ ಮೋಟಾರು. ಮುಂದೆ ನೀನು. ಅದು ತಾನೇ ಹೋಗುತ್ತೆ. ನಾನು ಎಲ್ಲಿ ಕೂರ್ಲಿ?"

ಅಂಗಡಿಯಲ್ಲಿ ನಾಲಿಗೆಗೆ ಬಂದು ನಿಂತದ್ದು ಇದೇ ಪ್ರಶ್ನೆ.

ಮಾರ್ಚ್ ೧೫, ಶನಿವಾರ

ಒಬ್ಬಳೇ ಹೋದೆ. ಬಸ್ಸಿನಲ್ಲಿ ಮಡಿಲಿನ ಮೇಲೆ ಮೋಟಾರು, ಹಳೆಯ ಸೀರೆ ಸುತ್ತಿ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಬಾಗಿಲಲ್ಲೇ ಎಲ್ಲ ಮರೆತುಹೋಯಿತು. ಅಂಗಡಿಯವರು ಫ್ಯಾನು ತಿರುಗಿಸಿ ತಿರುಗಿಸಿ ನೋಡಿದರು. ಗೀರಿಲ್ಲ. ಏನು ತೊಂದರೆ ಎಂದು ಕೇಳಿದರು.

"ನಮ್ಮಪ್ಪ ನಡುವೆ ಕೂರ್ತಾರೆ," ಎಂದೆ. ಅಷ್ಟೇ ಬಂತು.

ಮೋಟಾರು ಓಡಿಸುವವರು ಹಿಂದೆ ಕೂರಬೇಕಮ್ಮ ಎಂದರು. ಇಲ್ಲ, ನಡುವೆಯೇ, ಎಂದೆ. ಎರಡನೇ ಸಲ ಸ್ವಲ್ಪ ಜೋರಾಗಿಯೇ ಬಂತು. ಗಲ್ಲಾದ ಹತ್ತಿರ ಇದ್ದವರು ತಿರುಗಿ ನೋಡಿದರು. ಆದರೂ ನಿಲ್ಲಿಸಲಿಲ್ಲ. ಅವರು ನಡುವೆ ಕೂತರೆ ಹಿಂಭಾಗ ಏಳುತ್ತದೆ, ಅದಕ್ಕೆ ಉದ್ದದ ಕಡ್ಡಿ ಕೊಡಿ. ಹಿಡಿ ಅವರಿಗೆ ಎಟುಕುವ ಹಾಗೆ ಮಾಡುವುದು ಹೇಗೆ, ಹೇಳಿ.

ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. "ಇದನ್ನ ಮೊದಲೇ ಹೇಳೋದಲ್ವಾ ತಾಯಿ," ಎಂದರು. ಹಿಡಿಗೆ ಪ್ಲಾಸ್ಟಿಕ್ ಪೈಪು ತೊಡಿಸುತ್ತಾರಂತೆ. ಪೈಪು ತಿರುಚಿದರೆ ಹಿಡಿಯೂ ತಿರುಗುತ್ತದೆ, ಪಕ್ಕಕ್ಕೆ ತಳ್ಳಿದರೆ ದೋಣಿ ತಿರುಗುತ್ತದೆ. ಬ್ಯಾಟರಿಯನ್ನೂ ಹಿಂದಿನಿಂದ ಈಚೆಗೆ ತಂದು ಹಲಗೆಯ ಕೆಳಗೆ ಇಡಿ, ಆದರೆ ವೈರು ದಪ್ಪದ್ದೇ ಹಾಕಿ, ತೆಳುವಾದದ್ದು ಬಿಸಿಯಾಗುತ್ತದೆ ಎಂದರು. ಕೇಳಿದ್ದನ್ನೆಲ್ಲ ಇನ್ನೊಮ್ಮೆ ಕೇಳಿದೆ.

ಉದ್ದದ್ದು ತಂದಿದ್ದೇನೆ. ನೊರಜುಗಲ್ಲಿಗೆ ಬಡಿದರೆ? ಬಡಿಯುವ ಮೊದಲೇ ಎತ್ತಬೇಕು. ಮರೆತರೆ?

ಮಾರ್ಚ್ ೧೭, ಸೋಮವಾರ

ಬಚ್ಚಲಿನ ಹಿಂದೆ ಬಿದ್ದಿದ್ದ ಪೈಪು. ಒಂದು ತುದಿ ಸೀಳಿ, ಹಿಡಿಗೆ ತೊಡಿಸಿ, ಕ್ಲಿಪ್ಪು ಬಿಗಿದೆ. ಅಪ್ಪ ನೋಡುತ್ತಾ ನಿಂತಿದ್ದ, ಸಹಾಯಕ್ಕೆ ಬರಲಿಲ್ಲ, ಹೋಗಲೂ ಇಲ್ಲ. ಕೊನೆಗೆ ಬಂದು ನಡುಹಲಗೆಯ ಮೇಲೆ ಕೂತ. ಯಾವಾಗಿನಂತೆ ಹಿಂದಕ್ಕೆ ಮುಖ ಮಾಡಿ. "ಈ ಕಡೆ ತಿರುಗು ಅಪ್ಪ," ಎಂದೆ. ಹೊಸ ಮನೆಗೆ ಬಂದವನಂತೆ ಅತ್ತಿತ್ತ ನೋಡಿ, ಮುಂದಕ್ಕೆ ತಿರುಗಿದ. ಪೈಪು ಎಡಗೈಗೆ ಸರಿಯಾಗಿ ಸಿಕ್ಕಿತು. ಬಲಗೈ ತೊಡೆಯ ಮೇಲೆ ಸುಮ್ಮನೆ.

ದಡದ ಹತ್ತಿರವೇ ಸುತ್ತಿದೆವು. ಫ್ಯಾನು ಮೇಲೇಳಲಿಲ್ಲ. ಅಪ್ಪ ಎಡಕ್ಕೆ ಹೋಗಬೇಕಾದಾಗಲೆಲ್ಲ ಬಲಕ್ಕೆ ಹೋದ. ಅಮ್ಮ ದಡದಲ್ಲಿ ಸೆರಗು ಬಾಯಿಗೆ ಇಟ್ಟುಕೊಂಡಿದ್ದಳು. ನಗುವೋ, ಭಯವೋ. ಇಷ್ಟು ವರ್ಷ ನಿನ್ನಪ್ಪನ ಬೆನ್ನು ನೋಡಿಯೇ ಮೀನು ಸಿಕ್ಕಿತೋ ಇಲ್ಲವೋ ಹೇಳುತ್ತಿದ್ದೆ, ಆ ವಿದ್ಯೆ ದಂಡವಾಯಿತು ಎಂದಳು.

ಕಟ್ಟೆಯ ಕಡೆ ಹೋಗುವುದು ಇನ್ನೂ ಬೇಡ. ಒಂದು ವಾರ ಇಲ್ಲೇ. ನಾನು ಜೊತೆಗಿರುತ್ತೇನೆ. ಹಾಗೆ ಮಾತಾಗಿದೆ.

ಮಾರ್ಚ್ ೧೮, ಮಂಗಳವಾರ, ಬೆಳಿಗ್ಗೆ

ಏಳುವಾಗ ಅಪ್ಪ ಇಲ್ಲ. ಬ್ಯಾಟರಿಯೂ ಇಲ್ಲ. ದೋಣಿಯ ಜಾಗದಲ್ಲಿ ಒದ್ದೆ ಮರಳು.

ಒಬ್ಬನೇ ಹೋಗಿದ್ದಾನೆ.

ದೀಪ ಹಸಿರಾಗಿತ್ತೇ? ನೋಡಿದ ನೆನಪಿಲ್ಲ. ಪ್ರತಿ ದಿನ ನೋಡುವವಳು ನಿನ್ನೆಯೇ ನೋಡಲಿಲ್ಲ. ಕ್ಲಿಪ್ಪು ಇನ್ನೊಂದು ಸುತ್ತು ಬಿಗಿಯಬೇಕಿತ್ತು. ಹುಟ್ಟು ಒಯ್ದಿದ್ದಾನೋ... ಹೌದು, ಗೋಡೆಗೆ ಒರಗಿಲ್ಲ. ಒಯ್ದಿದ್ದಾನೆ. ಒಯ್ದರೂ ಒಂದೇ ಕೈ.

ದಡದಲ್ಲಿ ಕೂತು ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು. ಅಮ್ಮ ಪಕ್ಕದಲ್ಲಿ ಖಾಲಿ ಬುಟ್ಟಿ ಹಿಡಿದು ನಿಂತಿದ್ದಾಳೆ. ಹೊಳೆಯ ಮೇಲೆ ಮಂಜು. ಹುಟ್ಟಿನ ಸದ್ದಿಗೆ ಕಿವಿ ಕೊಟ್ಟು ಅಭ್ಯಾಸ. ಈ ಹಾಳು ಮೋಟಾರಿಗೆ ಸದ್ದೇ ಇಲ್ಲ. ಬರುತ್ತಿದ್ದಾನೋ ಇಲ್ಲವೋ ತಿಳಿಯುವುದು ಹೇಗೆ.

ಪಂಪ್‌ಹೌಸಿನ ಕಡೆ ಏನೋ ಕಪ್ಪಗೆ. ಕೊರಡಿರಬಹುದು.

ಕೊರಡು ಹೊಳೆಯ ಎಳೆತಕ್ಕೆ ಎದುರಾಗಿ ಬರುವುದಿಲ್ಲ.

ದೋಣಿ. ನಡುವೆ ಒಬ್ಬರು. ಬೆನ್ನಲ್ಲ. ಜೊತೆಗೆ ಹೋಗದ ದಿನವೆಲ್ಲ ಇದೇ ದಡದಲ್ಲಿ ಕಾದಿದ್ದೇನೆ, ದೋಣಿ ಬರುವಾಗ ಅಪ್ಪನ ಮುಖ ಕಂಡದ್ದೇ ಇಲ್ಲ. ಕಾಣುತ್ತಿದೆ. ಅಷ್ಟು ದೂರದಿಂದಲೇ ನಮ್ಮನ್ನು ನೋಡುತ್ತಿದ್ದಾನೆ. ಅಮ್ಮ ಬುಟ್ಟಿ ಕೆಳಗಿಟ್ಟಳು.

ನೊರಜುಗಲ್ಲು ಹತ್ತಿರವಾಯಿತು. ಕಡ್ಡಿ ಎತ್ತಲು ಮರೆತಿದ್ದಾನೆ, ಕೂಗಿ ಹೇಳಬೇಕು, ಬರೆಯುವುದು ಇಲ್ಲಿಗೆ ಬಿಟ್ಟೆ.