ಕೊಂಡಿ ಕಳಚಿದರೆ ನಿಲ್ಲುವ ಮನೆ

ರೆಡ್ ರಿವರ್ ಕಣಿವೆ, ನಾರ್ತ್ ಡಕೋಟಾ
ಅಕ್ಟೋಬರ್ ೬

ಮಗಳೇ ಜನೆಲ್,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದು ಮರೆವಿನಿಂದಲ್ಲ. ಸಕ್ಕರೆ ಬೀಟ್ ರಾಶಿ ಹಾಕುವ ಅಂಗಳದಲ್ಲಿ ದಿನಕ್ಕೆ ಹನ್ನೆರಡು ಗಂಟೆ ದುಡಿದ ಕೈ ಪೆನ್ನು ಹಿಡಿಯಲು ಒಪ್ಪುತ್ತಿರಲಿಲ್ಲ. ನೀನೂ ಮಕ್ಕಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ.

ಎಂಜಿನ್ನೂ ಮನೆಯೂ ಒಂದೇ ಆದ ಮೋಟರ್‌ಹೋಮನ್ನೇ ತೆಗೆದುಕೋ ಎಂದು ನೀನು ನಾಲ್ಕು ಸಲ ಬರೆದೆ. ತೆಗೆದುಕೊಳ್ಳಲಿಲ್ಲ. ಪಿಕಪ್ ಗಾಡಿಯ ಹಿಂದೆ ಕಟ್ಟಿ ಎಳೆಯುವ ಟ್ರೈಲರ್ ಮನೆ ತೆಗೆದುಕೊಂಡೆ. ಮಾರುವವನೂ ನಿನ್ನ ಪಕ್ಷವೇ. "ಮೇಡಂ, ಟ್ರೈಲರ್ ಕಟ್ಕೊಂಡು ರಿವರ್ಸ್ ಹೋಗೋದು ಈ ವಯಸ್ಸಲ್ಲಿ ಕಷ್ಟ" ಎಂದ. "ಇಪ್ಪತ್ತೆಂಟು ವರ್ಷ ಕಾಗದದ ಕಾರ್ಖಾನೇಲಿ ಫೋರ್ಕ್‌ಲಿಫ್ಟ್ ಓಡ್ಸಿದೀನಪ್ಪ. ಮುಷ್ಕರ ಒಂದ್ ಬಿಟ್ರೆ ಎಲ್ಲಾ ಕಡೆ ಹಿಂದಕ್ ಹೋಗಿದೀನಿ" ಎಂದೆ.

ಕಾರಣ ಕೇಳು. ಕೆಲಸದವರ ಬಿಡಾರದಲ್ಲಿ ನನ್ನ ಪಕ್ಕದ ಜಾಗದವಳು ಆರ್ಡಿಸ್. ಎಪ್ಪತ್ತೊಂದು ವಯಸ್ಸು, ಇರುವುದು ಮೋಟರ್‌ಹೋಮಿನಲ್ಲಿ. ಅಂಗಳ ಒಂಬತ್ತು ಮೈಲಿ ದೂರ. ಅವಳು ಕೆಲಸಕ್ಕೆ ಹೊರಟರೆ ಮನೆಯೂ ಹೊರಡಬೇಕು. ಸೋಮವಾರ ಅವಸರದಲ್ಲಿ ನೀರಿನ ಪೈಪು ಬಿಚ್ಚುವುದನ್ನೇ ಮರೆತಳು. ನಲ್ಲಿಯ ಕಂಬ ಕಿತ್ತುಬಂದು, ಪೈಪಿನ ತುದಿಯಲ್ಲಿ ಗೇಟಿನವರೆಗೂ ತೆವಳುತ್ತಾ ಬಂತು. "ಆರ್ಡಿಸ್, ನಿನ್ ನಾಯಿ ಹಿಂದೆ ಬರ್ತಿದೆ ನೋಡೇ" ಎಂದು ಬಿಡಾರವೆಲ್ಲ ನಕ್ಕಿತು. ಮೇಸ್ತ್ರಿ ನಗಲಿಲ್ಲ. ಅರ್ಧ ಗಂಟೆ ತಡವೆಂದು ಕೆಲಸದಿಂದಲೇ ತೆಗೆದ. ಗುರುವಾರ ಎಂಜಿನ್ ಸತ್ತಿತು. ರಿಪೇರಿಯವರು ಎಂಜಿನ್ನಿನ ಜೊತೆಗೆ ಅವಳ ಹಾಸಿಗೆ, ಒಲೆ, ಚಳಿಗಾಲದ ಬಟ್ಟೆ ಎಲ್ಲವನ್ನೂ ಷೆಡ್ಡಿನೊಳಗೆ ನಿಲ್ಲಿಸಿ ಬೀಗ ಜಡಿದರು. ಈಗ ನನ್ನ ಊಟದ ಮೇಜು ಇಳಿಸಿ ಅವಳಿಗೆ ಮಂಚ ಮಾಡಿದ್ದೇನೆ. ಗೊರಕೆ ಹೊಡೆಯುತ್ತಾಳೆ, ಮುದುಕಿ.

ದುಡಿಸಿಕೊಳ್ಳುವವರಿಗೆ ಎಂಜಿನ್ ಇರುವ ಮನೆಯೇ ಇಷ್ಟ. ಸುಗ್ಗಿಗೆ ಬರಬೇಕು, ಮುಗಿದ ಮಾರನೆಯ ದಿನ ಗುರುತಿಲ್ಲದೆ ತೊಲಗಬೇಕು. ನಾನು ಟ್ರೈಲರಿನ ಕೊಂಡಿ ಕಳಚಿ, ಗಾಲಿಗೆ ಅಡೆ ಕೊಟ್ಟು ನಿಂತಿದ್ದೇನೆ. ಪಿಕಪ್ ನನ್ನ ಕೈಯಲ್ಲಿದೆ. ದಿನವೂ ನಾಲ್ವರನ್ನು ಅಂಗಳಕ್ಕೆ ಒಯ್ಯುತ್ತೇನೆ. ನಾಳೆ ಐವರೂ ಮೇಸ್ತ್ರಿಯ ಮುಂದೆ ನಿಲ್ಲುತ್ತೇವೆ. ಆರ್ಡಿಸ್‌ಗೆ ಕೆಲಸ ವಾಪಸು ಕೊಡಬೇಕು, ಇಲ್ಲವಾದರೆ ಬೀಟ್ ರಾಶಿ ಹಾಕುವ ಯಂತ್ರ ತಿರುಗುವುದಿಲ್ಲ. "ನನಗೋಸ್ಕರ ನಿನ್ ಕೆಲಸ ಯಾಕೆ ಕಳ್ಕೋತೀಯ?" ಎಂದು ಅವಳು ಕೇಳಿದಳು. "ನೀನು ಇಲ್ಲೇ ಮಲಗಿದ್ರೆ ನನಗೆ ನಿದ್ದೆ ಇಲ್ವಲ್ಲ, ಅದಕ್ಕೆ" ಎಂದೆ.

ಮಕ್ಕಳಿಗೆ ಮುತ್ತು. ಗಟ್ಟಿಯಾಗಿರು, ಯಾರಿಗೂ ತಲೆ ಬಾಗಿಸಬೇಡ.

ನಿನ್ನ ಅಮ್ಮ,
ವರ್ನಾ

ತಾ.ಕ.: ಈಸ್ಟರ್ ದಿನ ನಿನ್ನ ಅಡುಗೆಮನೆಯಲ್ಲಿ ಆಲೂಗೆಡ್ಡೆ ಸುಲಿಯುತ್ತಿದ್ದೆ. ಗೋಡೆಯಾಚೆ ನೀನು ಗಂಡನಿಗೆ ಹೇಳಿದ್ದು ಕೇಳಿಸಿತು: "ಮೋಟರ್‌ಹೋಮ್ ಆದ್ರೆ ಅಮ್ಮ ಎರಡು ದಿನ ಇದ್ದು ಹೊರಡ್ತಾಳೆ. ಟ್ರೈಲರ್ ತಗೊಂಡ್ರೆ ನಮ್ಮನೆ ಮುಂದೆ ಕಳಚಿಟ್ಟು ಇದ್ದೇಬಿಡ್ತಾಳೆ." ಅಂದು ಬೆಳಗ್ಗೆಯಷ್ಟೇ ನೀವು ಕಾರು ನಿಲ್ಲಿಸುವ ಜಾಗವನ್ನು ನಾನು ಹೆಜ್ಜೆಯಿಟ್ಟು ಅಳೆದಿದ್ದೆ. ಇಪ್ಪತ್ತನಾಲ್ಕು ಅಡಿ. ನಾನು ತೆಗೆದುಕೊಂಡದ್ದು ಇಪ್ಪತ್ತೆಂಟು ಅಡಿಯದು. ಹೆದರಬೇಡ, ಅಲ್ಲಿ ಹಿಡಿಸುವುದಿಲ್ಲ.