ಕಾಗೆಗೆ ಕೊಟ್ಟ ಮಾತು

ಕದ್ವಾಡ, ಕಾರವಾರ
ಮಾರ್ಚ್ ೮

ಪ್ರೀತಿಯ ಮಗಳು ನೀತಾಳಿಗೆ,

ನಿನ್ನ ಬಾಬಾನ ಆಶೀರ್ವಾದ. ಹೇಗಿದ್ದೀಯ ಮಗಳೇ? ನೆಗಡಿ ಹೋಯಿತೇ? ಕಿವಿ ಕಟ್ಟಿಕೊಂಡಿದ್ದರೆ ಆ ಕಂಪನಿಯವರು ಎಷ್ಟೇ ಕರೆದರೂ ವಿಮಾನ ಹಾರಿಸಲು ಹೋಗಬೇಡ, ಡಾಕ್ಟರಿಗೆ ತೋರಿಸು. ಬೆಳಗಿನ ಪಾಳಿ ಇದ್ದ ದಿನ ಬರೀ ಚಹಾ ಕುಡಿದು ಹೋಗುತ್ತೀಯೆಂದು ನಿನ್ನ ಕವಿತಾ ಕಾಕಿಗೆ ಹೇಳಿದೆಯಂತೆ. ಅವಳು ಅವಲಕ್ಕಿ ಒಗ್ಗರಣೆ ಹಾಕಿ ಡಬ್ಬಿ ತುಂಬಿಸಿ ಇಟ್ಟಿದ್ದಾಳೆ, ಆ ಕಡೆ ಬರುವವರು ಸಿಕ್ಕರೆ ಕಳಿಸುತ್ತಾಳೆ. ಇಲ್ಲಿ ಎಲ್ಲರೂ ಆರಾಮ ಎಂದು ಬರೆಯುವುದು ರೂಢಿ, ಹಾಗಾಗಿ ಬರೆದಿದ್ದೇನೆ. ನನ್ನ ಸಕ್ಕರೆ ಕಡಿಮೆಯಾಗಿದೆ. ಕಾಕಾನ ಮೊಣಕಾಲು ಹಾಗೇ ಇದೆ. ಗೇರು ಈ ವರ್ಷ ಚೆನ್ನಾಗಿ ಹೂ ಬಿಟ್ಟಿದೆ, ಅದನ್ನು ನೋಡಿ ಹೊಗಳಬೇಕಾದವಳು ಇಲ್ಲ.

ಫೋನು ಇರುವಾಗ ಇದೆಂಥ ಕಾಗದ ಎಂದು ನಗಬೇಡ. ಫೋನಿನಲ್ಲಿ ನಾನು ಉಂಡೆಯಾ ಎಂದು ಕೇಳುತ್ತೇನೆ, ನೀನು ಹೂಂ ಎನ್ನುತ್ತೀಯ. ನೀನು ಗುಳಿಗೆ ತೆಗೆದುಕೊಂಡೆಯಾ ಎನ್ನುತ್ತೀಯ, ನಾನು ಹೂಂ ಎನ್ನುತ್ತೇನೆ. ಅಲ್ಲಿಗೆ ಫೋನು ಇಡುತ್ತೇವೆ. ನಿನ್ನ ಆಯಿ, ನನ್ನ ಹೀರಾ, ಇದ್ದಾಗ ನಮ್ಮಿಬ್ಬರ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು, ನಮಗೆ ಅಭ್ಯಾಸವೇ ಆಗಲಿಲ್ಲ.

ಒಂದು ಮಾತು ಹೇಳುತ್ತೇನೆ, ಯಾರಿಗೂ ಹೇಳಿಲ್ಲ. ಆಯಿ ಹೋದ ಮೇಲೆ ನನಗೆ ಆಗಬೇಕಾದಷ್ಟು ದುಃಖ ಆಗಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿದೆ. ಮೊನ್ನೆ ಕಾಕಿ ಬಂಗಡೆ ಮೀನಿನ ಸಾರಿಗೆ ಉಪ್ಪು ಹಾಕಲು ಮರೆತಿದ್ದಳು. ನಾನು ಎರಡನೇ ಸಲವೂ ಬಡಿಸಿಕೊಂಡು ಉಂಡೆ, ಕಾಕಾ ಮುಖ ಸಿಂಡರಿಸಿದಾಗಲೇ ನನಗೆ ಗೊತ್ತಾದದ್ದು. ಸಂಜೆ ಕೈಗಾ ಸ್ಥಾವರದ ಬಸ್ಸುಗಳು ಬರುವಾಗ ಹೊಸ ಡ್ರೈವರ್ ಹುಡುಗರು ನಮ್ಮ ಗೇಟಿನ ಮುಂದೆ ಹಾರ್ನ್ ಹೊಡೆಯುತ್ತಾರೆ, ಹಳೇ ಡ್ರೈವರನೆಂದು ಮರ್ಯಾದೆ. ನಾನು ಕೈ ಎತ್ತುತ್ತೇನಂತೆ. ಎತ್ತಿದ್ದು ನನಗೆ ನೆನಪಿರುವುದಿಲ್ಲ. ನಿನಗೂ ಹೀಗೇ ಆಗಿದೆಯೆಂದು ನನಗೆ ಅನುಮಾನ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಭಾನುವಾರ ಹಾರವಾಡಕ್ಕೆ ಹೋಗಿದ್ದೆ. ನಿನ್ನ ದತ್ತಾ ಮಾಮ ಊಟಕ್ಕೆ ಕರೆದಿದ್ದ. ಅಕ್ಕ ಹೋದ ಮೇಲೆ ಭಾವನನ್ನು ಕೈಬಿಟ್ಟ ಎಂದು ಯಾರೂ ಆಡಿಕೊಳ್ಳಬಾರದು ಎನ್ನುವುದು ಅವನ ಹಟ. ಅಂಕೋಲಾ ಪೇಟೆಗೇ ಹೋಗಿ ದೊಡ್ಡ ಇಸವಣ ಮೀನು ತಂದಿದ್ದ. ಊಟ ಮುಗಿಯುವವರೆಗೂ ನಿನ್ನದೇ ಸುದ್ದಿ. ಅಕ್ಕನ ಮಗಳು ಮಾತು ಉಳಿಸಿಕೊಂಡಳು, ಜನರ ವಿಮಾನ ಬಿಟ್ಟು ಸರಕಿನ ವಿಮಾನಕ್ಕೆ ಹೋಗುತ್ತಾಳೆ ಎಂದು ಬಂದವರಿಗೆಲ್ಲ ಹೇಳಿದ. ಸರಕು ಎಂದರೆ ಮೀನೂ ಒಯ್ಯುತ್ತಾರೋ ಎಂದು ನನ್ನನ್ನು ಎರಡೆರಡು ಸಲ ಕೇಳಿದ. ಅವನು ಮಾರುವ ಸಿಗಡಿ ನೇರ ದಿಲ್ಲಿಗೆ ಹಾರುವ ಕನಸು ಬಿದ್ದಿದೆಯೆಂದು ಕಾಣುತ್ತದೆ. ಔಷಧಿ, ಮೊಬೈಲು, ಪಾರ್ಸೆಲ್ಲು, ಇನ್ನೂ ಏನೇನೋ ಒಯ್ಯುತ್ತಾರಂತೆ ಎಂದೆ. ಅವನು ಕೆಟ್ಟವನಲ್ಲ, ಅಕ್ಕನ ಮೇಲೆ ಜೀವ ಇಟ್ಟಿದ್ದ. ಆದರೆ ಅವನು ಅಷ್ಟು ಖುಷಿಯಿಂದ ಹೇಳುತ್ತಿದ್ದುದನ್ನು ಕೇಳಿ ಆಯಿಗೆ ಪಿಂಡ ಇಟ್ಟ ದಿನದ್ದೆಲ್ಲ ಮತ್ತೆ ಕಣ್ಣಿಗೆ ಬಂತು.

ನೀನೂ ಅಲ್ಲೇ ಇದ್ದೆ, ಕಾಳಿ ಹೊಳೆಯ ಮೆಟ್ಟಿಲ ಮೇಲೆ ಕೊಡೆ ಹಿಡಿದುಕೊಂಡು. ಶ್ರಾವಣದ ಮಳೆ ಸ್ವಲ್ಪ ಬಿಟ್ಟಿತ್ತು. ನಾನು ಪಿಂಡ ಇಟ್ಟು ಹಿಂದೆ ಸರಿದೆ. ಕಾಗೆ ಬಂದು ತೆಂಗಿನ ಗರಿಯ ಮೇಲೆ ಕೂತಿತು, ಕೆಳಗೆ ಇಳಿಯಲೇ ಇಲ್ಲ. ಅವಳ ಆಸೆ ಏನೋ ಉಳಿದಿದೆ, ಹೇಳಿ ಸಮಾಧಾನ ಮಾಡಿ ಎಂದು ಭಟ್ಟರು ಅಂದರು. ಎಲ್ಲರೂ ಶುರು ಮಾಡಿದರು. ಹಂಚಿನ ಮಾಡು ರಿಪೇರಿ ಮಾಡಿಸುತ್ತೇವೆ ಎಂದ ಕಾಕಾ. ಕಾಗೆ ಅಲ್ಲಾಡಲಿಲ್ಲ. ನೀತಾಳ ಮದುವೆ ಮುಂದಿನ ವರ್ಷವೇ ಎಂದ ದತ್ತಾ. ಕಾಗೆ ಆಚೆ ತಿರುಗಿ ಕೂತಿತು. ಅಲ್ಲಿಯೂ ನನಗೆ ನಗು ಬರುವುದರಲ್ಲಿತ್ತು, ಆಯಿಯೇ ಮುಖ ತಿರುಗಿಸಿದ ಹಾಗೆ ಕಂಡಿತು. ಕಡೆಗೆ ದತ್ತಾ ಕೈಮುಗಿದು ಗಟ್ಟಿಯಾಗಿ ಹೇಳಿದ, “ಅಕ್ಕಾ, ಜನ್ರನ್ನ ಕೂರ್ಸ್ಕಂಡು ಇಮಾನ ಹಾರ್ಸೂದು ನೀತಾ ಬಿಡ್ತದೆ. ನೀ ಹೆದ್ರಬೇಡ.” ಕಾಗೆ ಇಳಿದು ಬಂದು ಪಿಂಡ ಮುಟ್ಟಿತು. ಎಲ್ಲರೂ ಕೈಮುಗಿದರು. ನೀನು ಮಾತ್ರ ಕೊಡೆ ಮಡಚಿ ಮೇಲೆ ಹತ್ತಿ ಹೋದೆ.

ಮುಂದಿನ ತಿಂಗಳೇ ರಾಜೀನಾಮೆ ಕೊಟ್ಟೆ ಎಂದು ನೀನು ಫೋನು ಮಾಡಿದೆ. ಇನ್ನೊಂದು ವರ್ಷ ಇದ್ದಿದ್ದರೆ ಆ ಚಿಕ್ಕ ವಿಮಾನದಲ್ಲೇ ನಿನಗೆ ಕ್ಯಾಪ್ಟನ್ನಿನ ಕುರ್ಚಿ ಸಿಗುವುದಿತ್ತಲ್ಲ ಎಂದೆ ನಾನು. “ಮಾತು ಕೊಟ್ಟಾಯ್ತು ಬಾಬಾ, ಕಾಗೆನೂ ಮುಟ್ಟಿ ಆಯ್ತು. ನಾ ಎಂತ ಮಾಡ್ಲಿ?” ಎಂದೆ ನೀನು. ಆಮೇಲೆ, ಕಾರ್ಗೋದಲ್ಲಿ ಹಿಂದೆ ಯಾರೂ ಇರುವುದಿಲ್ಲ, ಮೈಕಿನಲ್ಲಿ ಮಾತಾಡುವುದೂ ಇಲ್ಲ, ರಾತ್ರಿ ಹಾರುವುದು, ಸುಮ್ಮನೆ ಇರಬಹುದು ಎಂದೂ ನೀನೇ ಹೇಳಿದೆ. ಬೇಸರವೂ ಇರಲಿಲ್ಲ, ಸಂತೋಷವೂ ಇರಲಿಲ್ಲ ನಿನ್ನ ದನಿಯಲ್ಲಿ. ಉಪ್ಪಿಲ್ಲದ ಸಾರು ಉಂಡ ನನ್ನ ದನಿಯೂ ಹಾಗೇ ಇರಬೇಕು. ಅದು ನನಗೆ ಹಿಡಿಸಲಿಲ್ಲ.

ಸರಕು ಕೀಳು ಎಂದು ನಾನು ಹೇಳುತ್ತಿಲ್ಲ. ಬಸ್ಸು ಹತ್ತುವ ಮೊದಲು ನಾನೂ ಬೇಲೇಕೇರಿಗೆ ಅದಿರಿನ ಲಾರಿ ಓಡಿಸಿದವನೇ. ಲಾರಿ ಸುಖ, ಹಿಂದಿನಿಂದ ಯಾರೂ ನಿಧಾನ ಎನ್ನುವುದಿಲ್ಲ, ವಾಂತಿ ಮಾಡುವುದಿಲ್ಲ. ಆದರೆ ಬಸ್ಸಿನ ಒಳಗೊಂದು ಕನ್ನಡಿ ಇರುತ್ತದೆ. ಕದ್ರಾ ದಾಟಿ ಕಾಡಿನ ತಿರುವುಗಳು ಬಂದಾಗ ಕನ್ನಡಿಯಲ್ಲಿ ನೋಡಿದರೆ ಎಲ್ಲರೂ ಬಾಯಿ ತೆರೆದು ನಿದ್ದೆ ಮಾಡುತ್ತಿರುತ್ತಿದ್ದರು. ನನ್ನನ್ನು ನಂಬಿ ಮಲಗಿದ್ದಾರೆ ಎಂದು ನನಗೆ ದಿನವೂ ಒಂದು ಹೆಮ್ಮೆ. ಬ್ರೇಕು ಜೋರಾಗಿ ತುಳಿಯಲು ಕಾಲೇ ಬರುತ್ತಿರಲಿಲ್ಲ. ನಿನಗೂ ಅದು ಬಂದಿದೆ. ಸಣ್ಣವಳಿದ್ದಾಗ ನನ್ನ ಹಿಂದಿನ ಸೀಟಿನಲ್ಲಿ ಕೂತು ಆ ಕನ್ನಡಿಯನ್ನೇ ನೋಡುತ್ತಿದ್ದೆ, ರಸ್ತೆಯನ್ನಲ್ಲ.

ಆಯಿ ಹೆದರುತ್ತಿದ್ದಳು, ಅದು ಸುಳ್ಳಲ್ಲ. ಇಷ್ಟು ಜನರ ಜೀವ ಇವಳ ಕೈಯಲ್ಲಿ ಎಂದು ತಮ್ಮನ ಹತ್ತಿರ ಅತ್ತಿದ್ದಾಳೆ, ಅವನು ಅದನ್ನೇ ಹಿಡಿದುಕೊಂಡ. ಆದರೆ ನೀನು ಹುಬ್ಬಳ್ಳಿಯಿಂದ ನಮ್ಮಿಬ್ಬರನ್ನು ಬೆಂಗಳೂರಿಗೆ ಹಾರಿಸಿಕೊಂಡು ಹೋದ ದಿನ ಅವನು ಇರಲಿಲ್ಲ, ನಾನಿದ್ದೆ. ಮೇಲೇರುವಾಗ ಅವಳು ನನ್ನ ಕೈಯನ್ನು ಉಗುರು ಊರುವಷ್ಟು ಹಿಡಿದಿದ್ದಳು. ಆಮೇಲೆ ಮೈಕಿನಲ್ಲಿ ನಿನ್ನ ದನಿ ಬಂತು, ಇಂಗ್ಲಿಷು, ಆಮೇಲೆ ಕನ್ನಡ. ಅವಳು ಕೈ ಬಿಟ್ಟಳು. ಪಕ್ಕದ ಸಾಲಿನ ಗುರುತಿಲ್ಲದ ಹೆಂಗಸಿನ ತೋಳು ತಟ್ಟಿ, “ನಮ್ ಹುಡ್ಗಿ ಅದು. ನೀವು ಮಲೀಕಳಿ, ಹೆದ್ರೂದು ಬೇಡ,” ಎಂದಳು. ಆ ಹೆಂಗಸು ನಿಜವಾಗಿಯೂ ಕಣ್ಣು ಮುಚ್ಚಿ ಮಲಗಿದಳು. ಹೆದರಿಕೆಯೂ ಅವಳದೇ, ಇದೂ ಅವಳದೇ. ಒಂದನ್ನು ಮಾತ್ರ ಆಸೆ ಎಂದು ಹೇಗೆ ಹೇಳುವುದು?

ನಿನ್ನ ನೋಟಿಸಿನ ಅವಧಿ ಈ ತಿಂಗಳ ಕೊನೆಗೆ ಮುಗಿಯುತ್ತದೆ, ಅಲ್ಲಿಯವರೆಗೆ ರಾಜೀನಾಮೆ ವಾಪಸು ತೆಗೆದುಕೊಳ್ಳಲು ಬರುತ್ತದೆ ಎಂದು ನೀನೇ ಒಮ್ಮೆ ಹೇಳಿದ್ದೆ. ಹೀಗೇ ನೆನಪಿಗೆ ಬಂತು, ಬರೆದೆ. ಗೇರುಬೀಜ ಆದ ಮೇಲೆ ರಜೆ ಸಿಕ್ಕರೆ ಬಾ, ಕಾಕಿ ಹಸಿಬೀಜದ ಪಲ್ಯ ಮಾಡುತ್ತಾಳೆ. ಕಾಕಾ, ಕಾಕಿ ನಿನ್ನನ್ನು ಕೇಳಿದ್ದಾರೆ. ಏರಿದಷ್ಟೇ ನಿರಾಳವಾಗಿ ಇಳಿಯುವ ಹಾಗೆ ದೇವರು ನಿನ್ನನ್ನು ನೋಡಿಕೊಳ್ಳಲಿ.

ನಿನ್ನ
ಬಾಬಾ
(ದೇವಿದಾಸ)

ತಾ.ಕ.: ಕಾಕಿ ಕಾರವಾರ ಪೇಟೆಗೆ ಹೊರಟು ಚಪ್ಪಲಿ ಹಾಕಿಕೊಂಡು ನಿಂತಿದ್ದಾಳೆ, ಇದನ್ನು ಅಂಚೆಗೆ ಹಾಕುವವಳು ಅವಳೇ. ಬೇಗ ಬರೆಯುತ್ತೇನೆ. ಆ ದಿನ ದತ್ತಾ ಗಟ್ಟಿಯಾಗಿ ಹೇಳುವ ಹೊತ್ತಿಗೇ ನಾನೂ ಮನಸ್ಸಿನಲ್ಲಿ ಹೇಳುತ್ತಿದ್ದೆ. “ಹೀರಾ, ನಿನ್ ಮಗಳ ಕುರ್ಚಿ ಯಾರೂ ಬಿಡ್ಸೂದಿಲ್ಲ, ಬಿಡ್ಸೂಕೆ ನಾ ಕೊಡೂದಿಲ್ಲ. ನೀ ಉಂಡ್ಕಂಡು ಹೋಗು.” ಇಷ್ಟು ಹೇಳಿ ಮುಗಿಸಿದೆ, ಕಾಗೆ ಇಳಿಯಿತು. ಸತ್ತವರಿಗೆ ಮನಸ್ಸಿನಲ್ಲಿ ಹೇಳಿದ್ದನ್ನು ಹೊರಗೆ ಆಡಬಾರದು ಎನ್ನುತ್ತಾರೆ, ಅದಕ್ಕೆ ಸುಮ್ಮನಿದ್ದೆ. ಕಾಗೆ ಅವನ ಮಾತಿಗೆ ಬಂತೋ, ನನ್ನ ಮಾತಿಗೆ ಬಂತೋ, ಯಾರಿಗೆ ಗೊತ್ತು? ಪಿಂಡ ಇಟ್ಟವನು ನಾನು. ಗಟ್ಟಿಯಾಗಿ ಕೂಗಿದವರದ್ದು ಮಾತ್ರ ಕಾಗೆಗೆ ಕೇಳುತ್ತದೆ ಎಂದು ಎಲ್ಲೂ ಇಲ್ಲ. ಕಾರ್ಗೋ ನಿನಗೇ ಬೇಕಿದ್ದರೆ ಹೋಗು, ನಾನೇ ಬಂದು ಬಿಟ್ಟು ಬರುತ್ತೇನೆ. ಆಯಿಗಾಗಿ ಹೋಗಬೇಡ, ಆಯಿ ಉಂಡು ಹೋಗಿಯಾಗಿದೆ. ನಿನಗೇನು ಬೇಕು ಎನ್ನುವುದನ್ನು ಭಾನುವಾರ ಫೋನು ಮಾಡಿ ಹೇಳು. ಹೂಂ ಎನ್ನಬೇಡ.